ಹಾಲೆಂಡಿನ ಬೈಸಿಕಲ್ ಸಂಘದ ಕಥೆ

ಹಾಲೆಂಡ್ ದೇಶದ ಹೆಸರೆತ್ತಿದೊಡನೆ ಗಾಳಿಯಂತ್ರ, ಟ್ಯೂಲಿಪ್ ಹೂವು, ಇವುಗಳ ಜೊತೆಗೆ ಬೈಸಿಕಲ್ಲೂ ನಿಮ್ಮ ನೆನಪಿಗೆ ಬಂದೇ ಬರುತ್ತದೆ. “ಅದು ಸಮತಟ್ಟಾದ ನೆಲ; ಏರಿಲ್ಲ, ಇಳಿಜಾರಿಲ್ಲ; ಅಲ್ಲಿ ಸೈಕಲ್ಲು ಸಹಜವೇ” ಎಂದು ನಾವು ಹೇಳಿಬಿಡುತ್ತೇವೆ. ತರಗತಿಯಲ್ಲಿ ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದವನು. ಆ ಮಾತು ಅರ್ಧಸತ್ಯವೆಂದು ತಿಳಿದದ್ದು ಆ ದೇಶದ ಈಚಿನ ಚರಿತ್ರೆಯನ್ನು ಓದಿದ ಮೇಲೆ. ನೆಲ ಎಂದಿನಿಂದಲೂ ಸಮತಟ್ಟಾಗಿಯೇ ಇತ್ತು; ಆದರೂ ಒಂದು ಕಾಲದಲ್ಲಿ ಅಲ್ಲಿಯ ಬೀದಿಗಳಿಂದ ಸೈಕಲ್ಲು ಕಾಲ್ತೆಗೆಯುವ ಹಂತಕ್ಕೆ ಬಂದಿತ್ತು.

ಡಚ್ಚರ ರಾಷ್ಟ್ರೀಯ ಸೈಕಲ್ ಸವಾರರ ಸಂಘ ೧೮೮೩ರಲ್ಲಿ ಸ್ಥಾಪನೆಯಾಯಿತು. ಮುಂದೆ ಮೋಟಾರು ಕಾರು ಬಂದಿತು. ಆ ಸಂಘವೂ ಕ್ರಮೇಣ ಕಾರಿನವರ ಸಂಘವಾಗಿ ಮಾರ್ಪಟ್ಟಿತು. ಎರಡನೆಯ ಮಹಾಯುದ್ಧದ ತರುವಾಯ ಜನರ ಕೈಯಲ್ಲಿ ಹಣ ಓಡಾಡತೊಡಗಿದಂತೆ ಕಾರುಗಳೂ ಹೆಚ್ಚಿದವು. ಅವುಗಳಿಗೆ ಸ್ಥಳ ಬೇಕಲ್ಲ! ೧೯೫೪ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಪೊಲೀಸ್ ಮುಖ್ಯಾಧಿಕಾರಿ ಕಾಸ್‌ಯಾಗರ್ ಎಂಬುವರು ಊರಿನ ಪುರಾತನ ಕಾಲುವೆಗಳನ್ನೇ ಮುಚ್ಚಿ ರಸ್ತೆ ಮಾಡಬೇಕೆಂದು ಸಲಹೆ ಕೊಟ್ಟರು. ಜನರ ವಿರೋಧದಿಂದ ಆ ಕಾಲುವೆಗಳು ಉಳಿದುಕೊಂಡವು. ಆದರೆ ಬೀದಿಗಳು ಉಳಿಯಲಿಲ್ಲ. ಮಕ್ಕಳು ಆಡುತ್ತಿದ್ದ ಜಾಗದಲ್ಲಿ ಕಾರುಗಳು ಸಾಲುಗಟ್ಟಿ ನಿಂತವು.

ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ೧೯೭೧ರ ಒಂದೇ ವರ್ಷದಲ್ಲಿ, ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದಲ್ಲಿ, ರಸ್ತೆ ಅಪಘಾತಗಳಿಂದ ಸುಮಾರು ೩,೩೦೦ ಮಂದಿ ಮಡಿದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಹಾಗೆ ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ಪತ್ರಿಕೋದ್ಯೋಗಿ. ಹೆಸರು ವಿಕ್ ಲಾಂಗೆನ್‌ಹಾಫ್. ತಮ್ಮ ದುಃಖವನ್ನು ನುಂಗಿಕೊಂಡು ಅವರು ೧೯೭೨ರಲ್ಲಿ ‘ಡೆ ಟೈಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. “ಶಿಶುಹತ್ಯೆಯನ್ನು ನಿಲ್ಲಿಸಿ” ಎಂಬುದೇ ಅದರ ಶೀರ್ಷಿಕೆ. ಅಪಘಾತವೆಂದರೆ ವಿಧಿಯ ಆಟವೆಂದು ತಿಳಿದಿದ್ದ ಜನಕ್ಕೆ ಆ ಒಂದು ಪದ ಚಾಟಿಯೇಟಿನಂತೆ ತಗುಲಿತು. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿತು. ಮಾರ್ತ್ಯ ವಾನ್ ಪುಟನ್ ಎಂಬ ತರುಣಿ ಅದರ ಮೊದಲ ಅಧ್ಯಕ್ಷೆಯಾದರು.

ಅವರು ಹಿಡಿದ ಮಾರ್ಗ ಸರಳವಾದದ್ದು. ಬೀದಿಗೆ ಅಡ್ಡಕಟ್ಟಿ ಅಲ್ಲಿ ಮಕ್ಕಳನ್ನು ಆಡಲು ಬಿಡುವುದು. ಸೈಕಲ್ಲುಗಳ ಮೆರವಣಿಗೆ ತೆಗೆಯುವುದು. ಒಮ್ಮೆ ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಯ ಮುಂದೆಯೇ ಹೋಗಿ ಹಾಡು ಹೇಳಿದರು. ಪ್ರಧಾನಿಗಳು ಹೊರಗೆ ಬಂದು ಅವರ ಅಹವಾಲನ್ನು ಕೇಳಿದರು. ಕಾಲವೂ ಅನುಕೂಲವಾಗಿ ಬಂದಿತು. ೧೯೭೩ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ, ನವೆಂಬರ್ ೪ರಿಂದ ಮೊದಲ್ಗೊಂಡು ಕೆಲವು ವಾರಗಳ ಕಾಲ ಭಾನುವಾರದ ದಿನ ಕಾರು ಓಡಿಸಕೂಡದೆಂದು ಸರ್ಕಾರ ಅಪ್ಪಣೆ ಹೊರಡಿಸಿತು. ಕಾರಿಲ್ಲದ ಬೀದಿ ಎಷ್ಟು ಸೊಗಸೆಂಬುದನ್ನು ಜನ ಕಣ್ಣಾರೆ ಕಂಡರು.

೧೯೭೫ರಲ್ಲಿ ಸೈಕಲ್ ಸವಾರರ ಹೊಸ ಸಂಘವೊಂದು ಹುಟ್ಟಿತು. ಹಳೆಯ ಸಂಘವನ್ನು ಅಣಕಿಸುವಂತೆ ಅದು ‘ನಿಜವಾದ’ ಸವಾರರ ಸಂಘವೆಂದು ಹೆಸರಿಟ್ಟುಕೊಂಡಿತು. ಹಳಬರು ಆಕ್ಷೇಪಿಸಿದ್ದರಿಂದ ಹೆಸರನ್ನು ಬದಲಿಸಬೇಕಾಯಿತು. ಈಗ ಅದು ‘ಫೀಟ್ಸರ್ಸ್‌ಬಾಂಡ್’ ಎಂದು ಪ್ರಸಿದ್ಧ. ಊರೂರಿನಲ್ಲಿ ಅದರ ಶಾಖೆಗಳು. ದುಡಿಯುವವರು ಹೆಚ್ಚಾಗಿ ಸ್ವಯಂಸೇವಕರು. ಎಲ್ಲಿ ತಿರುವು ಅಪಾಯಕರ, ಎಲ್ಲಿ ದಾರಿ ಇದ್ದಕ್ಕಿದ್ದಂತೆ ಕಡಿದುಹೋಗುತ್ತದೆ ಎಂಬುದನ್ನು ಗುರುತುಹಾಕಿಕೊಂಡು ಪುರಸಭೆಯ ಮುಂದಿಡುವುದೇ ಅವರ ಮುಖ್ಯ ಕಾಯಕ. ಆರಂಭದಲ್ಲಿ ಕೆಲವರು ರಾತ್ರಿಯ ಹೊತ್ತು ತಾವೇ ಬಣ್ಣ ಬಳಿದು ಸೈಕಲ್ ದಾರಿಯ ಗೆರೆ ಎಳೆದದ್ದೂ ಉಂಟು!

ಫಲ ಒಮ್ಮೆಗೇ ಕೈಗೂಡಲಿಲ್ಲ. ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಸರ್ಕಾರದ ನೆರವಿನಿಂದ ಒಂದೊಂದು ಮಾದರಿ ಸೈಕಲ್ ಮಾರ್ಗವನ್ನು ನಿರ್ಮಿಸಿದರು. ಹತ್ತಿರದ ಬೀದಿಗಳ ಸವಾರರು ಅಲ್ಲಿಗೆ ಬಂದರೇ ಹೊರತು ಊರಿನಲ್ಲಿ ಸವಾರರ ಸಂಖ್ಯೆ ಅಷ್ಟಾಗಿ ಏರಲಿಲ್ಲ. ಒಂದು ಎಳೆಯಿಂದ ಬಟ್ಟೆಯಾಗದಷ್ಟೆ! ೧೯೮೦ರ ದಶಕದಲ್ಲಿ ಡೆಲ್ಫ್ಟ್ ನಗರ ಊರಿನುದ್ದಕ್ಕೂ ದಾರಿಗೆ ದಾರಿ ಹೆಣೆದಾಗ ಸೈಕಲ್ ಸವಾರಿ ಹೆಚ್ಚಿತು. ಅದೇ ಡೆಲ್ಫ್ಟಿನಲ್ಲಿ ಮೊಳೆತ ‘ವೋನೆರ್ಫ್’, ಎಂದರೆ ಮನೆಯಂಗಳದಂಥ ಬೀದಿ, ೧೯೭೬ರಲ್ಲಿ ಕಾನೂನಿನ ಮನ್ನಣೆ ಪಡೆಯಿತು. ಅಲ್ಲಿ ಕಾರು ಬಹು ನಿಧಾನವಾಗಿ ಸಾಗಬೇಕು; ಮಕ್ಕಳು ಬೀದಿಯ ನಡುವೆಯೇ ಆಡಬಹುದು.

೨೦೧೪ರ ವೇಳೆಗೆ ಆ ದೇಶದಲ್ಲಿ ರಸ್ತೆಯ ಸಾವುಗಳು ೫೭೦ಕ್ಕೆ ಇಳಿದಿದ್ದವು. ಆದರೆ ಕಥೆ ಅಲ್ಲಿಗೆ ಮುಗಿಯಿತೆನ್ನಲಾಗದು. ೨೦೨೨ರಲ್ಲಿ ಆ ಸಂಖ್ಯೆ ಮತ್ತೆ ಏಳುನೂರನ್ನು ದಾಟಿತು. ಅವರಲ್ಲಿ ಸುಮಾರು ೨೯೦ ಮಂದಿ ಸೈಕಲ್ ಸವಾರರು, ಅದರಲ್ಲೂ ವೃದ್ಧರೇ ಬಹಳ. ಎಚ್ಚರ ತಪ್ಪಿದರೆ ಗಳಿಸಿದ್ದೂ ಕೈಬಿಡುತ್ತದೆ.

ವಾಚಕರೇ, ಈ ಕಥೆಯನ್ನು ನಿಮ್ಮ ಮುಂದಿಟ್ಟ ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಭಾರತದಲ್ಲಿ ೨೦೨೨ರಲ್ಲಿ ರಸ್ತೆಗೆ ಬಲಿಯಾದವರು ೧,೬೮,೪೯೧ ಮಂದಿ. ಕರ್ನಾಟಕ ಸರ್ಕಾರ ೨೦೦೬–೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿತು. ಹೊಸ ಸೈಕಲ್ಲಿನ ಗಂಟೆ ಬಾರಿಸುತ್ತ ಶಾಲೆಯ ಬಾಗಿಲಿಗೆ ಬಂದ ಹೆಣ್ಣುಮಕ್ಕಳ ಮುಖದ ಹಿಗ್ಗನ್ನು ಕಂಡ ಉಪಾಧ್ಯಾಯರಲ್ಲಿ ನಾನೂ ಒಬ್ಬ. ಸೈಕಲ್ಲನ್ನೇನೋ ಕೊಟ್ಟೆವು, ದಾರಿಯನ್ನು ಕೊಟ್ಟೆವೆ? ಸಂಜೆ ಶಾಲೆ ಬಿಟ್ಟಾಗ ಲಾರಿಗಳ ಮಗ್ಗುಲಲ್ಲಿ ಅವರು ಸಾಗುವುದನ್ನು ನೋಡಿದರೆ ಎದೆ ನಡುಗುತ್ತದೆ.

ಡಚ್ಚರೇನೂ ನಮಗಿಂತ ಬೇರೆ ಜನವಲ್ಲ. ಮಕ್ಕಳ ಸಾವು ಹಣೆಬರಹವಲ್ಲ, ನಾವು ಮಾಡಿದ ರಸ್ತೆಯ ದೋಷ ಎಂದು ಅವರು ಮನಗಂಡರು, ಅಷ್ಟೇ. ಮುಂದಿನ ಭಾನುವಾರ ನಿಮ್ಮ ಮನೆಯಿಂದ ಮಕ್ಕಳ ಶಾಲೆಯವರೆಗೆ ಒಮ್ಮೆ ನಡೆದುನೋಡಿ. ಅಪಾಯದ ಸ್ಥಳಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನೆರೆಹೊರೆಯವರೊಡನೆ ಕೂಡಿ ಅದನ್ನು ನಿಮ್ಮ ಪುರಸಭೆಗೆ ಒಪ್ಪಿಸಿ. ಆ ದೊಡ್ಡ ಸಂಘದ ಕೆಲಸವೂ ಇಂಥ ಪಟ್ಟಿಗಳಿಂದಲೇ ಸಾಗಿತೆಂಬುದನ್ನು ಮರೆಯಬೇಡಿ.