ಜಾಝ್ ಅಂಗಳದಲ್ಲಿ ಬೆಂಗಳೂರಿನ ಕಂಠ

ಶಾಸ್ತ್ರೀಯ ಸಂಗೀತ ಕಲಿತವರು ಪಾಶ್ಚಾತ್ಯ ವಾದ್ಯಗಳ ಜೊತೆ ವೇದಿಕೆ ಏರಿದರೆ ನಮ್ಮಲ್ಲಿ ಎರಡು ಮಾತು ಕೇಳಿಬರುವುದುಂಟು. ಸಂಪ್ರದಾಯ ಕೆಟ್ಟಿತು ಎಂಬುದು ಒಂದು. ಇನ್ನು ಮುಂದೆ ಇದೇ ಸಂಗೀತ ಎಂಬುದು ಮತ್ತೊಂದು. ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ ಅವರು ನಡೆದ ದಾರಿಯನ್ನು ನೋಡಿದರೆ ಈ ಎರಡೂ ಮಾತುಗಳು ಅವಸರದವು ಎನಿಸುತ್ತದೆ.

ರಮಾಮಣಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಅವರ ಪತಿ, ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ, 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಆರಂಭಿಸಿದರು. ಪಕ್ಕವಾದ್ಯಗಳೆಂದೇ ಹೆಸರಾದ ಮೃದಂಗ, ಘಟ, ಖಂಜಿರ, ಮೋರ್ಚಿಂಗ್‌ಗಳಿಗೆ ಅಲ್ಲಿ ಮುಂದಿನ ಸಾಲು ದೊರೆಯಿತು. ಈ ಮೇಳದಲ್ಲಿ ರಮಾಮಣಿ ಹಾಡಿದ್ದಷ್ಟೇ ಅಲ್ಲ, ಅದಕ್ಕಾಗಿ ಹೊಸ ರಚನೆಗಳನ್ನೂ ಮಾಡಿದರು.

ಜಾಝ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, ಆಫ್ರಿಕನ್ ಮೂಲದ ಜನರ ನಡುವೆ. ನಮ್ಮ ಮನೋಧರ್ಮ ಸಂಗೀತದಂತೆ ಅಲ್ಲಿಯೂ ಕಲಾವಿದ ಆ ಕ್ಷಣದಲ್ಲೇ ಸಂಗೀತ ಕಟ್ಟುತ್ತಾನೆ. ಆದರೆ ಒಂದು ತೊಡಕಿದೆ. ಜಾಝ್‌ನಲ್ಲಿ ಹಲವು ಸ್ವರಗಳು ಒಟ್ಟಿಗೆ ನುಡಿಯುವ ಗುಚ್ಛಗಳು, ಅಂದರೆ ಕಾರ್ಡ್‌ಗಳು, ಬದಲಾಗುತ್ತಾ ಸಾಗುತ್ತವೆ. ನಮ್ಮ ರಾಗ ನಿಂತಿರುವುದು ತಂಬೂರಿಯ ಅಚಲ ಶ್ರುತಿಯ ಮೇಲೆ. ರಾಗಕ್ಕೆ ಸಲ್ಲದ ಸ್ವರವೊಂದು ಕಾರ್ಡ್‌ನ ಜೊತೆ ನುಸುಳಿದರೆ ರಾಗವೇ ಕೆಡುತ್ತದೆ. 1950ರ ದಶಕದ ಕೊನೆಗೆ ಮೈಲ್ಸ್ ಡೇವಿಸ್‌ರಂಥವರು ಕಾರ್ಡ್‌ಗಳ ಓಟ ತಗ್ಗಿಸಿ, ಒಂದೇ ಸ್ವರಶ್ರೇಣಿಯಲ್ಲಿ ನಿಧಾನವಾಗಿ ವಿಹರಿಸುವ ಪದ್ಧತಿ ತಂದರು. ಎರಡು ಸಂಗೀತಗಳ ನಡುವೆ ಬಾಗಿಲು ತೆರೆದದ್ದು ಹೀಗೆ.

ಆ ಬಾಗಿಲಿನಿಂದ ಬಂದವರಲ್ಲಿ ಒಬ್ಬರು ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009). 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅವರು ನಾಗಸ್ವರ ಕಲಿತರು. ಗಮಕವೆಂದರೇನೆಂದು ಬಲ್ಲ ಜಾಝ್ ವಾದಕ ಅವರು. ರಮಾಮಣಿ, ಮಣಿ ಮತ್ತು ಸಂಗಡಿಗರ ಜೊತೆ ಅವರು ನುಡಿಸಿದ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು.

ಇಲ್ಲಿ ಗಮನಿಸಬೇಕಾದದ್ದು ಯಾರು ಯಾರ ಕಡೆ ಬಾಗಿದರು ಎಂಬುದು. ಇಂಥ ಮಿಲನಗಳಲ್ಲಿ ಭಾರತೀಯ ಕಲಾವಿದರ ಪಾಲು ಅನೇಕ ಸಲ ಒಗ್ಗರಣೆಯಷ್ಟೇ ಆಗಿಬಿಡುತ್ತದೆ. ‘ಜ್ಯೋತಿ’ಯಲ್ಲಿ ಹಾಗಾಗಲಿಲ್ಲ. ಪಿಯಾನೊ ಇಲ್ಲ, ಪಾಶ್ಚಾತ್ಯ ಡ್ರಮ್ಸ್ ಇಲ್ಲ. ತಂಬೂರಿ, ತಾಳವಾದ್ಯ, ಬಾಯಲ್ಲಿ ಜತಿ ನುಡಿಯುವ ಕೊನ್ನಕ್ಕೋಲು ಇವುಗಳ ನಡುವೆ ರಮಾಮಣಿಯವರ ಕಂಠ ಸಾಗುತ್ತದೆ. ಸ್ಯಾಕ್ಸೊಫೋನ್ ಅದರ ಜೊತೆಗೂಡುತ್ತದೆ.

ಮೂಡಿಗೆರೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಮರ ಆಸ್ಟ್ರೇಲಿಯಾದ್ದು, ಬಳ್ಳಿ ನಮ್ಮ ಮಲೆನಾಡಿನದು. ಬಳ್ಳಿ ಮರದ ಆಸರೆಯಲ್ಲಿ ಮೇಲೇರುತ್ತದೆ. ಬೇರು ಮಾತ್ರ ತನ್ನದೇ, ಕಾಯುವುದೂ ಮೆಣಸನ್ನೇ. ರಮಾಮಣಿ ಜಾಝ್‌ನತ್ತ ಹೊರಳಿದ ಬಗೆಯೂ ಇಂಥದ್ದು.

ಮಣಿ 2020ರಲ್ಲಿ ತೀರಿಕೊಂಡರು. ಯೂರೋಪಿನ ಜಾಝ್ ರಸಿಕರಿಗೆ ಪರಿಚಿತವಾದ ಈ ಕೆಲಸ ಕನ್ನಡದ ಮನೆಗಳಲ್ಲಿ ಇನ್ನೂ ಹೆಚ್ಚು ಕೇಳಬೇಕಾಗಿದೆ. ಆಸಕ್ತರು ‘ಜ್ಯೋತಿ’ಯ ಮೊದಲ ಭಾಗದಿಂದಲೇ ತೊಡಗಬಹುದು. ಅಲ್ಲಿ ಮುಂದೆ ನಿಂತಿರುವುದು ಸ್ಯಾಕ್ಸೊಫೋನ್ ಅಲ್ಲ, ರಮಾಮಣಿಯವರ ಕಂಠ.