ಯಾರು ಮಲಗಿ ಎದ್ದ ಹಾಸಿಗೆಯೋ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಸಂಸಾರವೊಂದು ಮಕ್ಕಳ ರಜೆಗೆ ಊರು ಬಿಟ್ಟು ಹೊರಟಿತೆಂದರೆ, ಚೀಲದ ತಳಕ್ಕೆ ಮೊದಲು ಬೀಳುವುದು ಹೊಸ ಬಟ್ಟೆಯಲ್ಲ, ಒಗೆದು ಮಡಚಿಟ್ಟ ಎರಡು ಚಾದರ. ಹೋಗುವುದು ಮಂತ್ರಾಲಯಕ್ಕಿರಲಿ, ತಿರುಪತಿಗಿರಲಿ, ಮೈಸೂರು-ಊಟಿಗಿರಲಿ, ಲಾಡ್ಜಿನ ಕೋಣೆ ಮೊದಲೇ ಗೊತ್ತಾಗಿರಲಿ, ಈ ಚಾದರ ತಪ್ಪುವುದಿಲ್ಲ. ‘ಅಲ್ಲೇ ಎಲ್ಲಾ ಕೊಡ್ತಾರ, ಈ ಭಾರ ಯಾಕಬೇ’ ಎಂದು ಮಗ ಗೊಣಗಿದರೆ ಅವ್ವನ ಉತ್ತರ ಸಿದ್ಧವಾಗಿರುತ್ತದೆ: ‘ಯಾರ್ ಮಲಗಿ ಎದ್ದಿರ್ತಾರೋ ಏನೋ!’

ಮನೆಮನೆಯಲ್ಲೂ ಕೇಳಿಬರುವ ಈ ಮಾತು ತೀರಾ ಸಾಮಾನ್ಯವಾದದ್ದು. ಆದರೆ ಅದರೊಳಗೆ ಎರಡು ಬೇರೆ ಬೇರೆ ಭಯಗಳು ಅಡಗಿವೆ. ಒಂದು ಕೊಳೆಯ ಭಯ: ತಿಗಣೆ, ತುರಿಕಜ್ಜಿ, ಬೆವರಿನ ವಾಸನೆ. ಇನ್ನೊಂದು ‘ಯಾರು’ ಎಂಬ ಪ್ರಶ್ನೆಯಲ್ಲಿಯೇ ಇರುವ ಭಯ. ಇದು ಮೈಲಿಗೆಯ ಭಯ. ನಮ್ಮ ನಾಡಿನಲ್ಲಿ ದಾರಿಹೋಕನ ಹಾಸಿಗೆಯ ಚರಿತ್ರೆಯೆಂದರೆ ಈ ಎರಡೂ ಒಂದಕ್ಕೊಂದು ಹೆಣೆದುಕೊಂಡು, ನಿಧಾನವಾಗಿ ಬೇರ್ಪಡುತ್ತಾ ಬಂದ ಚರಿತ್ರೆ.

ನೆರಳು ಕೊಟ್ಟರು, ಹಾಸಿಗೆ ಕೊಡಲಿಲ್ಲ

ಈ ಕಥೆಯನ್ನು ಮಸ್ಕಿಯಿಂದಲೇ ಆರಂಭಿಸಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯ ಮೇಲಿದ್ದ ಶಾಸನವನ್ನು ಪತ್ತೆಹಚ್ಚಿದ. ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಮಾತ್ರ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ದೊರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ್ದು ಮಸ್ಕಿಯ ಬಂಡೆ. ಅದೇ ಅಶೋಕ ಇನ್ನೊಂದು ಶಾಸನದಲ್ಲಿ, ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಮೇಲೆ, ದಾರಿಹೋಕರಿಗಾಗಿ ತಾನು ಮಾಡಿಸಿದ ಕೆಲಸಗಳನ್ನು ಪಟ್ಟಿಮಾಡಿದ್ದಾನೆ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ಆಲದ ಮರ, ಮಾವಿನ ತೋಪು, ದಾರಿಯುದ್ದಕ್ಕೂ ಬಾವಿ, ನೀರಿನ ಅರವಟಿಗೆ, ತಂಗುದಾಣ ಎಲ್ಲವೂ ಅಲ್ಲಿವೆ. ಹಾಸಿಗೆಯ ಮಾತು ಮಾತ್ರ ಇಲ್ಲ.

ಇರಬೇಕಾದ ಕಾರಣವೂ ಇರಲಿಲ್ಲ. ಹಳೆಯ ಕಾಲದ ಛತ್ರ, ಧರ್ಮಶಾಲೆ, ಮುಸಾಫಿರ್‌ಖಾನೆಗಳು ಕೊಡುತ್ತಿದ್ದುದು ಮುಖ್ಯವಾಗಿ ಮಾಡು, ನೀರು, ಕಳ್ಳರಿಂದ ರಕ್ಷಣೆ, ಕೆಲವೆಡೆ ಊಟ. ಹದಿನಾರನೆಯ ಶತಮಾನದಲ್ಲಿ ಉತ್ತರ ಭಾರತದ ಹೆದ್ದಾರಿಗಳಲ್ಲಿ ಶೇರ್‌ಶಾ ಕಟ್ಟಿಸಿದ ಸರಾಯಿಗಳಲ್ಲಿ ಮಂಚವನ್ನೂ ಬಿಸಿನೀರನ್ನೂ ಒದಗಿಸಲಾಗುತ್ತಿತ್ತು ಎಂದು ಚರಿತ್ರಕಾರ ಅಬ್ಬಾಸ್ ಸರ್ವಾನಿ ಬರೆದಿದ್ದಾನೆ. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ವ್ಯವಸ್ಥೆಯಿತ್ತೆಂದೂ ಅವನೇ ಹೇಳುತ್ತಾನೆ. ಮಂಚ ಸರಕಾರದ್ದಾದರೂ ಅದನ್ನು ಯಾರು ಬಳಸಬೇಕೆಂಬುದು ಅಂದೇ ಗೊತ್ತುಮಾಡಿದ ವಿಷಯವಾಗಿತ್ತು.

ನಮ್ಮ ಭಾಗದ ಪ್ರಯಾಣವೆಂದರೆ ಹೆಚ್ಚಾಗಿ ಜಾತ್ರೆ, ಪರಿಷೆ. ಗುರುಗುಂಟಾ ಬಳಿಯ ಅಮರೇಶ್ವರ, ಸಿಂಧನೂರು ತಾಲ್ಲೂಕಿನ ಅಂಬಾಮಠ, ಮಸ್ಕಿ ಬೆಟ್ಟದ ಮಲ್ಲಿಕಾರ್ಜುನ, ಯುಗಾದಿಗೆ ಶ್ರೀಶೈಲದ ಪಾದಯಾತ್ರೆ. ಇಲ್ಲೆಲ್ಲ ಹಾಸಿಗೆ ಜನರ ಹೆಗಲ ಮೇಲೆ ಅಥವಾ ಬಂಡಿಯಲ್ಲಿಯೇ ಬರುತ್ತಿತ್ತು. ಬಂಡಿಯ ಕೆಳಗೆ, ಬೇವಿನ ಗಿಡದ ಬುಡದಲ್ಲಿ ಕಂಬಳಿ ಹಾಸಿ, ಕೌದಿ ಹೊದ್ದರೆ ರಾತ್ರಿ ಕಳೆಯಿತು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದಿಟ್ಟು ಕೈಯಲ್ಲಿ ಹೊಲಿದ ಕೌದಿ ಮನೆಯವರದೇ ಮೈವಾಸನೆಯ ಹಾಸಿಗೆ. ಅದರಲ್ಲಿ ಯಾರು ಮಲಗಿದ್ದರು ಎಂಬ ಸಂಶಯಕ್ಕೆ ಜಾಗವೇ ಇರಲಿಲ್ಲ.

ಹೋಲ್ಡಾಲಿನ ಕಾಲ

ರೈಲು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದವು. ಎತ್ತಿನ ಬಂಡಿಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ದಿನಗಳಿಗಿಳಿಯಿತು. ಗುರುತಿಲ್ಲದವರ ಜೊತೆ ಒಂದೇ ಹಲಗೆಯ ಮೇಲೆ ಕುಳಿತು, ಮಲಗಿ ಹೋಗುವ ಅನಿವಾರ್ಯತೆಯೂ ಬಂತು. ಮೂರನೆಯ ದರ್ಜೆಯ ಬೋಗಿಗಳ ಹೊಲಸು ಎಷ್ಟಿತ್ತೆಂದರೆ, ಗಾಂಧೀಜಿ 1917ರಲ್ಲಿ ಅದರ ಬಗ್ಗೆಯೇ ಬರೆದು ರೈಲ್ವೆಯನ್ನೂ, ಸಿಕ್ಕಲ್ಲಿ ಉಗುಳುವ ಪ್ರಯಾಣಿಕರನ್ನೂ ಒಟ್ಟಿಗೇ ತರಾಟೆಗೆ ತೆಗೆದುಕೊಂಡರು.

ಹೈದರಾಬಾದ್ ಸಂಸ್ಥಾನದ ಆ ದಿನಗಳಲ್ಲಿ ಲಿಂಗಸುಗೂರು ಒಂದು ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಯಿತು. ಇಂಥ ಊರುಗಳಿಗೆ ಬರುವ ಅಧಿಕಾರಿಗಳಿಗೆ ಪ್ರವಾಸಿ ಬಂಗಲೆಗಳಿದ್ದವು. ಆದರೆ ದೇಶದಾದ್ಯಂತ ಬಂಗಲೆಗಳಲ್ಲಿ ಮಂಚ, ಮೇಜು ಇರುತ್ತಿದ್ದವೇ ಹೊರತು ಹಾಸಿಗೆಯನ್ನು ಪ್ರಯಾಣಿಕನೇ ಒಯ್ಯಬೇಕಿತ್ತು. ಬ್ರಿಟಿಷ್ ಪ್ರವಾಸಿಗರು ಓದುತ್ತಿದ್ದ ಮರ್‍ರೆ ಕೈಪಿಡಿಯೂ ಹಾಸಿಗೆಯ ಕಟ್ಟು ಜೊತೆಗಿರಲೇಬೇಕೆಂದು ಸಲಹೆ ಮಾಡುತ್ತಿತ್ತು. ಈ ಅಗತ್ಯದಿಂದಲೇ ಬಳಕೆಗೆ ಬಂದದ್ದು ಹೋಲ್ಡಾಲ್. ದಪ್ಪ ಕ್ಯಾನ್ವಾಸಿನ ಉದ್ದನೆಯ ಹಾಸು. ಎರಡು ತುದಿಗೂ ಜೇಬು. ಒಳಗೆ ಗಾದಿ, ದಿಂಬು, ಚಾದರ. ಸುರುಳಿ ಸುತ್ತಿ ಚರ್ಮದ ಪಟ್ಟಿ ಬಿಗಿದರೆ ಮುಗಿಯಿತು. ಸಾಹೇಬರ ಸಾಮಾನಾಗಿದ್ದ ಇದು ಕ್ರಮೇಣ ಮಾಸ್ತರರ, ಗುಮಾಸ್ತರ ಮನೆಯ ಅಟ್ಟವನ್ನೂ ಸೇರಿತು.

ಹೋಲ್ಡಾಲ್ ಮಾಯವಾದದ್ದಕ್ಕೂ ರೈಲೇ ಕಾರಣ. 1974ರಲ್ಲಿ ಮೂರನೆಯ ದರ್ಜೆ ರದ್ದಾಯಿತು. 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆ ಎರಡನೆಯ ದರ್ಜೆಯ ಮರದ ಹಲಗೆಗೆ ಎರಡು ಅಂಗುಲ ದಪ್ಪದ ಫೋಮ್ ಹಾಕಿಸಲು ಆರಂಭಿಸಿದರು. ಮಲಗುವ ಹಲಗೆಯೇ ಮೆತ್ತಗಾದ ಮೇಲೆ ಗಾದಿಯನ್ನು ಹೊರುವ ಕೆಲಸ ತಪ್ಪಿತು. ಗಾದಿ ಮನೆಯಲ್ಲಿ ಉಳಿಯಿತು, ಚಾದರ ಮಾತ್ರ ಚೀಲದಲ್ಲಿ ಉಳಿಯಿತು.

‘ಯಾರು’ ಎಂಬ ಪ್ರಶ್ನೆ

ಇಲ್ಲಿ ಒಂದು ಕಹಿ ಸತ್ಯವನ್ನು ಮರೆಯುವಂತಿಲ್ಲ. ಶುಚಿತ್ವದ ಹೆಸರಿನಲ್ಲಿ ನಮ್ಮ ಅನೇಕ ಛತ್ರಗಳು ಕಾಯ್ದುಕೊಂಡು ಬಂದದ್ದು ಮಡಿಯನ್ನು. ಇಂಥ ಜಾತಿಯವರಿಗೆ ಮಾತ್ರ ಎಂಬ ಕಟ್ಟುಪಾಡು ಇದ್ದ ಕಡೆ ನೆಲ ಗುಡಿಸಿದ್ದರೂ ಇಲ್ಲದಿದ್ದರೂ ಜಾಗ ‘ಶುದ್ಧ’ವೇ. ಕೆಳಜಾತಿಯೆಂದು ಕರೆಸಿಕೊಂಡವನು ಮಿಂದು, ಒಗೆದ ಬಟ್ಟೆಯುಟ್ಟು ಬಂದರೂ ಒಳಗೆ ಪ್ರವೇಶವಿಲ್ಲ.

ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಆತ್ಮಕಥನಾತ್ಮಕ ಟಿಪ್ಪಣಿ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೋಡಾದ ಅನುಭವವನ್ನು ದಾಖಲಿಸಿದ್ದಾರೆ. ವಿದೇಶದಲ್ಲಿ ಓದಿ, ಬರೋಡಾ ಸಂಸ್ಥಾನದ ಕೆಲಸಕ್ಕೆಂದು ಬಂದ ಅವರಿಗೆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಕೊನೆಗೆ ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ಕೈಯಲ್ಲಿ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಅಲ್ಲಿಂದ ಹೊರಡಿಸಿತು. ಜಾಗವನ್ನು ಮೈಲಿಗೆ ಮಾಡಿದಿರಿ ಎಂಬುದೇ ಆಪಾದನೆ. ಅವರು ಮಲಗಿ ಎದ್ದ ಹಾಸಿಗೆಯಲ್ಲಿ ಕೊಳೆ ಇತ್ತೇ ಎಂದು ಯಾರೂ ನೋಡಲಿಲ್ಲ; ಮಲಗಿದ್ದವರು ಯಾರು ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಈ ಕಾರಣದಿಂದಲೇ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಬಾವಿ, ಕೆರೆಗಳ ಜೊತೆಗೆ ಹೋಟೆಲುಗಳನ್ನೂ ಹೆಸರಿಸಿತು. ಜಾತಿ, ಮತ, ಲಿಂಗಗಳ ನೆಪದಲ್ಲಿ ಅಲ್ಲಿಗೆ ಪ್ರವೇಶ ನಿರಾಕರಿಸುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ (1976ರಿಂದ ಇದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆ ಮತ್ತು ಇತರ ವಸ್ತುಗಳನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣದಿಂದ ಯಾರನ್ನಾದರೂ ತಡೆದರೆ ಅದು ಶಿಕ್ಷಾರ್ಹ ಅಪರಾಧ. ‘ಇತರ ವಸ್ತು’ ಎಂದರೆ ಅದರಲ್ಲಿ ಚಾಪೆ, ಚಾದರ, ದಿಂಬು ಎಲ್ಲವೂ ಬಂದವು. ಒಬ್ಬರು ಮಲಗಿ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗುವುದು ಕಾನೂನಿನ ಕಣ್ಣಿನಲ್ಲಿ ಸಮಾನತೆಯ ಮಾತೂ ಆಯಿತು.

ಕೊಳೆಯ ಬಗ್ಗೆ ಕಾನೂನು ಇದಕ್ಕಿಂತ ಮೊದಲೇ ಬಂದಿತ್ತು. ಬ್ರಿಟಿಷ್ ಆಡಳಿತದ ಪ್ರದೇಶಕ್ಕಾಗಿ ಮಾಡಿದ 1867ರ ಸರಾಯಿ ಕಾಯಿದೆಯ ಪ್ರಕಾರ ಸರಾಯಿ ನಡೆಸುವವನು ಅದನ್ನು ನೋಂದಾಯಿಸಬೇಕು. ಕೋಣೆ, ಪಡಸಾಲೆ, ಚರಂಡಿ, ನೀರಿನ ಮೂಲಗಳನ್ನು ಸ್ವಚ್ಛವಾಗಿಡಬೇಕು. ತಂಗಿದವರಿಗೆ ಸಾಂಕ್ರಾಮಿಕ ರೋಗ ಬಂದರೆ ಪೊಲೀಸರಿಗೆ ತಿಳಿಸಬೇಕು. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಅದರ ಹಿಂದೆ ಇದ್ದದ್ದು ಯಾತ್ರಾಸ್ಥಳಗಳಿಂದ ಊರೂರಿಗೆ ಹರಡುತ್ತಿದ್ದ ಕಾಲರಾದಂಥ ರೋಗಗಳ ಕಾಲದ ಎಚ್ಚರ.

ಕಾಲುವೆ ಬಂತು, ಲಾಡ್ಜು ಬಂತು

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಯ ಚಹರೆಯನ್ನೇ ಬದಲಿಸಿತು. ಜೋಳ ಬೆಳೆಯುತ್ತಿದ್ದ ಕಪ್ಪು ನೆಲದಲ್ಲಿ ಭತ್ತ ಬಂತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಮುಂದೆ ಬಂಗಾಳಿ ನಿರಾಶ್ರಿತರ ವಸತಿಗಳೂ ಆದವು. ಅಕ್ಕಿ ಗಿರಣಿ, ಬೀಜ, ಗೊಬ್ಬರ, ಟ್ರ್ಯಾಕ್ಟರುಗಳ ವ್ಯಾಪಾರ ಬೆಳೆಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ವ್ಯಾಪಾರ ಇದ್ದಲ್ಲಿ ರಾತ್ರಿ ಉಳಿಯುವ ಜನ, ಜನ ಇದ್ದಲ್ಲಿ ಲಾಡ್ಜು. ಬಸ್ ನಿಲ್ದಾಣದ ಆಸುಪಾಸಿನ ಇಂಥ ಲಾಡ್ಜುಗಳು ಒಂಟಿ ವ್ಯಾಪಾರಿಗೆ, ಅಧಿಕಾರಿಗೆ ಹೇಳಿಮಾಡಿಸಿದಂಥವು. ಹೆಂಡತಿ-ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಟವರು ಬೇರೆ ಊರಿನ ಇಂಥದೇ ಲಾಡ್ಜಿನ ಬಾಗಿಲಲ್ಲಿ ನಿಂತಾಗ ಅನುಮಾನ ಮೂಡುವುದು ಸಹಜ. ಅಲ್ಲಿ ಚಾದರ ಬದಲಾಗುವುದು ಮಾಲೀಕರ ಮರ್ಜಿಯ ಮೇಲೆ. ಅದನ್ನು ಕೇಳುವ, ಕೊಡವುವ, ಮಕ್ಕಳನ್ನು ಕಾಯುವ ಹೊಣೆ ಹೆಣ್ಣುಮಕ್ಕಳ ತಲೆಯ ಮೇಲೆ. ಮನೆಯಲ್ಲಿ ಹಾಸಿಗೆ ಹಾಸುವವರಿಗೆ ರಜೆಯಲ್ಲೂ ರಜೆಯಿಲ್ಲ.

ತಿಗಣೆಗೆ ಜಾತಿಯಿಲ್ಲ

ಭಯಕ್ಕೆ ಆಧಾರವಿಲ್ಲವೆಂದಲ್ಲ. ತಿಗಣೆ ಹಗಲಿನಲ್ಲಿ ಗಾದಿಯ ಹೊಲಿಗೆ, ಮಂಚದ ಸಂದು, ಗೋಡೆಯ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಮನುಷ್ಯನ ಮೈಕಾವು ಮತ್ತು ಉಸಿರಿನ ಜಾಡು ಹಿಡಿದು ಬರುತ್ತದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಬಲ್ಲದು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಇದರ ವಂಶವನ್ನೇ ಅಳಿಸುತ್ತದೆಂದು ಜಗತ್ತು ನಂಬಿತ್ತು. ಕೆಲವೇ ವರ್ಷಗಳಲ್ಲಿ ತಿಗಣೆ ಆ ವಿಷವನ್ನೂ ಜೀರ್ಣಿಸಿಕೊಂಡಿತು. ನಮ್ಮಲ್ಲಿ ‘ಟಿಕ್-20’ ಔಷಧ ಮನೆಮಾತಾಗಿದ್ದುದೂ ಇದರ ಕಾಟದಿಂದಲೇ. 1990ರ ದಶಕದ ಕೊನೆಯಿಂದ ಶ್ರೀಮಂತ ದೇಶಗಳಲ್ಲೂ ತಿಗಣೆ ಮತ್ತೆ ಹೆಚ್ಚಿತು. 2023ರಲ್ಲಿ ಪ್ಯಾರಿಸ್ ನಗರವೇ ಅದರ ಸುದ್ದಿಯಿಂದ ತಲ್ಲಣಿಸಿತು.

ಇಲ್ಲಿ ಗಮನಿಸಬೇಕಾದ ಮಾತೆಂದರೆ, ತಿಗಣೆ ಬಡತನದ ಗುರುತೂ ಅಲ್ಲ, ಕೊಳಕಿನ ಗುರುತೂ ಅಲ್ಲ. ಪ್ರಯಾಣಿಕರ ಪೆಟ್ಟಿಗೆಯಲ್ಲಿಯೇ ಅದು ಊರೂರು ಸುತ್ತುತ್ತದೆ. ತಾರಾ ಹೋಟೆಲಿಗೂ ಹೋಗುತ್ತದೆ. ಅದು ಕಚ್ಚಿದರೆ ತುರಿಕೆ, ನಿದ್ದೆಗೇಡು ಉಂಟೇ ಹೊರತು, ಅದು ಮನುಷ್ಯರಿಗೆ ರೋಗ ಹರಡುವುದು ಸಾಬೀತಾಗಿಲ್ಲ. ತುರಿಕಜ್ಜಿಯ ನುಸಿ ಮುಖ್ಯವಾಗಿ ಹರಡುವುದು ಬಹಳ ಹೊತ್ತಿನ ಮೈಸೋಂಕಿನಿಂದ. ಹಾಸಿಗೆಯಿಂದ ಹರಡುವುದು ಕಡಿಮೆ. ಹಿಂದಿನವರು ಹೊರಸನ್ನು ಬಿಸಿಲಿಗೆ ಹಾಕಿ ಸಂದುಗಳಿಗೆ ಕುದಿನೀರು ಸುರಿಯುತ್ತಿದ್ದುದು ಸರಿಯಾದ ಕ್ರಮವೇ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಕಾವಿಗೆ ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ.

ಹಾಗಾಗಿ ಕೋಣೆಗೆ ಹೋದ ಕೂಡಲೇ ಚೀಲವನ್ನು ಮಂಚದ ಮೇಲೆ ಎಸೆಯದೆ, ತಲೆಯ ಕಡೆಯ ಚಾದರವನ್ನೆತ್ತಿ ಗಾದಿಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆಗಳಿವೆಯೇ ಎಂದು ನೋಡುವುದು ಲೇಸು. ಇದ್ದರೆ ಕೋಣೆ ಬದಲಿಸಿಕೊಳ್ಳಬೇಕು. ನಾವು ಹಾಸುವ ಮನೆಯ ಚಾದರ ಮೈಗೆ ಸಮಾಧಾನ ಕೊಡುತ್ತದೆ. ಗಾದಿಯೊಳಗಿನ ತಿಗಣೆಯನ್ನು ತಡೆಯುವುದಿಲ್ಲ.

ಬಿಳಿ ಚಾದರದ ಭರವಸೆ

ಹೋಟೆಲುಗಳಿಗೂ ಈ ಅನುಮಾನ ಗೊತ್ತು. 1999ರಲ್ಲಿ ಅಮೆರಿಕದ ವೆಸ್ಟಿನ್ ಹೋಟೆಲ್ ಸಮೂಹ ಪೂರ್ತಿ ಬಿಳಿಯ ಹಾಸಿಗೆಯನ್ನು ತಂದ ಮೇಲೆ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಬಿಳಿ ಬಟ್ಟೆ ಕೊಳೆಯನ್ನು ಮುಚ್ಚಿಡಲಾರದು, ಅದೇ ಅದರ ಗುಣ. ಆದರೆ ಮೇಲಿನ ಚಾದರ ಬಿಳಿಯಾಗಿದ್ದರೆ ಕಂಬಳಿಯೂ ಒಗೆದದ್ದೇ ಆಗಬೇಕಿಲ್ಲ. ರೈಲಿನ ಎ.ಸಿ. ಬೋಗಿಗಳಲ್ಲಿ ಕೊಡುವ ಕಂಬಳಿಯನ್ನು ತಿಂಗಳಿಗೆ ಒಮ್ಮೆಯಾದರೂ ಒಗೆಯಲಾಗುತ್ತದೆ ಎಂದು 2024ರ ನವೆಂಬರ್‌ನಲ್ಲಿ ಲೋಕಸಭೆಗೆ ಸರಕಾರ ಹೇಳಿದಾಗ, ಅದನ್ನು ಹೊದ್ದವರೆಲ್ಲ ಒಮ್ಮೆ ಮೈ ಕೆರೆದುಕೊಂಡಿರಬೇಕು. ಕೋವಿಡ್ ಕಾರಣದಿಂದ 2020ರ ಮಾರ್ಚಿನಲ್ಲಿ ನಿಂತಿದ್ದ ಆ ಹಾಸಿಗೆ ವ್ಯವಸ್ಥೆ ಮತ್ತೆ ಆರಂಭವಾದದ್ದು 2022ರ ಮಾರ್ಚಿನಲ್ಲಿ. ಆ ಎರಡು ವರ್ಷ ದೇಶವೆಲ್ಲ ಅವ್ವನ ಮಾತನ್ನೇ ಪಾಲಿಸಿ ಮನೆಯ ಚಾದರ ಹೊತ್ತು ಓಡಾಡಿತು.

2024ರಲ್ಲಿ ಸಿಂಧನೂರಿಗೂ ರೈಲು ಬಂದಿದೆ. ಪ್ರವಾಸ ಹೊರಡುವವರು ಇನ್ನು ಹೆಚ್ಚೇ ಆಗುತ್ತಾರೆ. ಅಶೋಕನ ಬಂಡೆ, ಮುದಗಲ್ಲಿನ ಕೋಟೆ ನೋಡಲು ಈ ಕಡೆಗೆ ಬರುವವರೂ ಹೆಚ್ಚಬಹುದು. ಹಣ ಕೊಟ್ಟು ಕೋಣೆ ಹಿಡಿದವರಿಗೆ ಒಗೆದ ಚಾದರವನ್ನು ಕೇಳುವ ಹಕ್ಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವೆಯ ಲೋಪಕ್ಕೆ ದೂರು ಕೊಡಲೂಬಹುದು. ಸಂಕೋಚಪಡದೆ ಕೇಳಬೇಕಾದ ಪ್ರಶ್ನೆ ‘ಈ ಚಾದರ ಒಗೆದು ಎಷ್ಟು ದಿನವಾಯಿತು’ ಎಂಬುದು. ಅದರಲ್ಲಿ ಮಲಗಿ ಎದ್ದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಹಳೆಯ ಛತ್ರಗಳ ಜೊತೆಗೇ ಬಿಟ್ಟುಬಿಡುವುದು ಒಳ್ಳೆಯದು.