ಒಂದು ಕೊಯ್ತಾ, ಮೂರು ಜೀವ

ಸಮೀರವಾಡಿ ಎಂದರೆ ಸಕ್ಕರೆ ಕಾರ್ಖಾನೆ. ಸಕ್ಕರೆಯ ಚರಿತ್ರೆಯಲ್ಲಿ ಟನ್ನುಗಳ ಲೆಕ್ಕ ಸಿಗುತ್ತದೆ; ಗದ್ದೆಯ ಬದುವಿನಲ್ಲಾದ ಹೆರಿಗೆಗಳ ಲೆಕ್ಕ ಸಿಗುವುದಿಲ್ಲ.

ಕಬ್ಬು ಕಡಿಯಲು ವಲಸೆ ಬರುವ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಕಾದಮ ಮುಂಗಡ ಕೊಡುವುದು ಆ ಜೋಡಿಗೆ. ಬಸುರಿ ಹೆಂಡತಿ ಕೂತರೆ ಜೋಡಿ ಮುರಿಯುತ್ತದೆ, ಸಾಲ ಉಳಿಯುತ್ತದೆ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರಿದ್ದರೂ ಆ ಪಟ್ಟಿ ಇರುವುದು ಬಿಟ್ಟುಬಂದ ಊರಿನಲ್ಲಿ.

ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. 2017ರಲ್ಲಿ ರಜೆ 26 ವಾರಗಳಾಯಿತು. ಮುಕಾದಮನ ವಹಿಯಲ್ಲಿ ಅದರ ಗುರುತಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರಕಾರದ ಸಮಿತಿಯ ಎದುರು ಬಂದ ಲೆಕ್ಕದಂತೆ, ಬೀಡ್ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು.

ಸ್ವರ್ಗ ತಾಯಿಯ ಪಾದದಡಿ ಇದೆ ಎನ್ನುತ್ತೇವೆ. ಆ ಪಾದಗಳು ನಿಂತ ಗದ್ದೆಗೆ ಮೊದಲು ದಾದಿಯೊಬ್ಬಳು ತಲುಪಲಿ.